ಆಟದ ಪೀರಿಯಡ್ ಕಸಿಯಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಆಟ, ಪಾಠ, ನಡತೆ ಮೂರನ್ನೂ ಶಾಲೆಯಲ್ಲಿ ಒಟ್ಟಿಗೆ ಕಲಿಸುವುದು ಹೇಗೆ ಅಂತ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ನಾನು ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಪಿಟಿ ಮೇಷ್ಟ್ರಾಗಿದ್ದವನು. ಇವತ್ತು ಒಂದೇ ಮಾತು ಹೇಳುತ್ತೇನೆ. ಆಟದ ಪೀರಿಯಡ್ ಕಸಿಯಬೇಡಿ.

ಕೇಳುತ್ತಿರುವವರು ಯಾರು ಅಂತ ನನಗೆ ಗೊತ್ತು. ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮ. "ಹಿಂಗೆ ಆಡ್ಕೊಂಡಿದ್ರೆ ಎಸ್ಸೆಸ್ಸೆಲ್ಸಿ ಪಾಸಾಗ್ತಾನಾ ಸಾರ್?" ಅಂತ ಗೇಟಿನ ಹತ್ತಿರ ನನ್ನನ್ನು ತಡೆದು ಕೇಳಿದವರು ನೀವೇ ಅಲ್ವಾ? ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು, ಟೆಸ್ಟ್ ಕ್ರಿಕೆಟ್ಟಿನಲ್ಲಿ 619 ವಿಕೆಟ್ಟನ್ನೂ ತೆಗೆದರು. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. "ಅವರೆಲ್ಲ ದೊಡ್ಡವರು ಬಿಡಿ ಸಾರ್" ಅಂತೀರಿ. ಸರಿ, ಬಿಟ್ಟೆ. ನಮ್ಮ ಊರ ಶಾಲೆಯ ಅಂಗಳಕ್ಕೇ ಬರೋಣ.

ಖೋ ಖೋ ತಗೊಳ್ಳಿ. ಬ್ಯಾಟು ಬೇಡ, ಬಾಲು ಬೇಡ, ಎರಡು ಕಂಬ ನೆಟ್ಟು ಸುಣ್ಣದಲ್ಲಿ ಗೆರೆ ಎಳೆದರೆ ಮುಗಿಯಿತು. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರಬೇಕು. ಅಟ್ಟಿಸಿಕೊಂಡು ಹೋಗುವವನು ಒಬ್ಬನೇ. ಓಡುವವರು ನಡುಗೆರೆಯನ್ನು ಎಷ್ಟು ಸಲ ಬೇಕಾದರೂ ದಾಟಬಹುದು, ಅಟ್ಟುವವನು ದಾಟುವಂತಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಕಂಬ ದಾಟುವ ತನಕ ತಿರುಗುವಂತೆಯೂ ಇಲ್ಲ. ಕೂತವನಿಗೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಎದುರಾಳಿ ಓಡುತ್ತಿರುತ್ತಾನೆ, ಆದರೂ ಬೆನ್ನು ಮುಟ್ಟಿ ಖೋ ಅನ್ನುವ ತನಕ ಅವನು ಏಳುವ ಹಾಗಿಲ್ಲ. ಎದ್ದರೆ ಫೌಲು. ಹದಿಮೂರು ವರ್ಷದ ಹುಡುಗನನ್ನು ಹಾಗೆ ತಾಳ್ಮೆಯಿಂದ ಕೂರಿಸೋಕೆ ಮನೆಯಲ್ಲಿ ನಿಮ್ಮ ಕೈಲಿ ಆಗುತ್ತಾ? ಪ್ರಾರ್ಥನೆ ಹೊತ್ತಿನ ನೀತಿಪಾಠ ಅರ್ಧ ಗಂಟೆಯಲ್ಲಿ ಮಾಡದ ಕೆಲಸ ಇದು.

ಇಲ್ಲಿ ಒಂದು ಕಥೆ ಹೇಳಲೇಬೇಕು. ನಮ್ಮ ತಂಡದಲ್ಲಿ ಒಬ್ಬ ಹುಡುಗನಿದ್ದ. ಕಂಬದ ಹತ್ತಿರ ಅವನನ್ನು ಹಿಡಿದವರಿಲ್ಲ. ಗಣಿತದಲ್ಲಿ ಮಾತ್ರ ಯಾವ ಟೆಸ್ಟಿನಲ್ಲೂ ಎರಡಂಕಿ ಮುಟ್ಟಿದವನಲ್ಲ. ಗಣಿತದ ಮೇಷ್ಟ್ರು ನನ್ನ ಹತ್ತಿರ ಬಂದು, ಮಾರ್ಕ್ಸ್ ಬರುವ ತನಕ ಇವನನ್ನು ಆಡಿಸಬೇಡಿ ಅಂದರು. ಆಯ್ತು ಅಂದೆ. ಹುಡುಗನ ಮುಖ ಸಣ್ಣಗಾಯಿತು. ಆದರೆ ಅವನನ್ನು ಮನೆಗೆ ಕಳಿಸಲಿಲ್ಲ, ಸ್ಟಾಪ್‌ವಾಚು, ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟು ಸ್ಕೋರ್ ಬರೆಯೋಕೆ ಕೂರಿಸಿದೆ. ಖೋ ಖೋದಲ್ಲಿ ಓಡುವವರು ಮೂರು ಮೂರು ಜನ ಬ್ಯಾಚಿನಲ್ಲಿ ಇಳಿಯುತ್ತಾರೆ, ಯಾರು ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಿಗೆ ಔಟಾದರು ಅಂತ ಬರೆಯಬೇಕು.

ಮೊದಲ ಬ್ಯಾಚು ಪೂರ್ತಿ ಔಟಾಗಿದ್ದು 2 ನಿಮಿಷ 47 ಸೆಕೆಂಡಿಗೆ. ಎರಡನೆಯದು 4 ನಿಮಿಷ 10 ಸೆಕೆಂಡಿಗೆ. ಹಾಗಾದರೆ ಎರಡನೇ ಬ್ಯಾಚು ಎಷ್ಟು ಹೊತ್ತು ನಿಂತಿತು? ಹುಡುಗ 4.10ರಲ್ಲಿ 2.47 ಕಳೆದು 1.63 ಅಂತ ಬರೆದ. ತಪ್ಪು ಅನ್ನಲಿಲ್ಲ ನಾನು. "ಆ ವಾಚಿನಲ್ಲಿ 63 ಸೆಕೆಂಡು ತೋರಿಸು ನೋಡೋಣ" ಅಂದೆ. ಒತ್ತಿದ. ಕಣ್ಣು ಮಿಟುಕಿಸದೆ ನೋಡಿದ. 58, 59, ಆಮೇಲೆ ಒಂದು ನಿಮಿಷ ಸೊನ್ನೆ ಸೆಕೆಂಡು! ಬೆರಳಿಗೆ ಎಂಜಲು ಹಚ್ಚಿ 63 ಅಳಿಸಿದ. ಪೇಪರ್ ಸ್ವಲ್ಪ ಹರಿಯಿತು. ಆ ತೂತಿನ ಪಕ್ಕದಲ್ಲೇ 1 ನಿಮಿಷ 23 ಸೆಕೆಂಡು ಅಂತ ಬರೆದ.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಲೆಕ್ಕ ಹಾಕುತ್ತಾ, "ಸಾರ್, ಇವನು ಪ್ರತಿ ಸಲ ಅರ್ಧ ನಿಮಿಷದೊಳಗೆ ಔಟಾಗ್ತಾನೆ, ಮೂರನೇ ಬ್ಯಾಚಿಗೆ ಹಾಕಿ" ಅಂತ ನನಗೇ ಹೇಳೋಕೆ ಬಂದ. ಅವನ ಜೀವದ ಗೆಳೆಯ ಖೋ ಕೇಳುವ ಮೊದಲೇ ಎದ್ದಿದ್ದನ್ನೂ ಬರೆದುಬಿಟ್ಟಿದ್ದ. ಅಳಿಸೋ ಅಂತ ಅವನು ಜಗಳಕ್ಕೆ ಬಂದರೆ, ಬರೆದಿದ್ದು ಬರೆದಿದ್ದೇ ಅಂದ. ಎರಡು ದಿನ ಮಾತು ಬಿಟ್ಟಿದ್ದರು, ಆಮೇಲೆ ಸರಿಹೋದರು. ಗಣಿತದ ಮೇಷ್ಟ್ರು ಆ ನೋಟ್‌ಬುಕ್ಕನ್ನು ಸರಾಸರಿ ಪಾಠಕ್ಕೆ ಕ್ಲಾಸಿಗೆ ಒಯ್ದರು. ಅವನು ನೂರಕ್ಕೆ ನೂರು ತೆಗೆದ ಅಂತ ಹೇಳಲಿ ಎಂದು ಕಾಯುತ್ತಿದ್ದೀರಾ? ಇಲ್ಲ. 41 ತೆಗೆದ. ಪಾಸಾದ, ತಂಡಕ್ಕೂ ವಾಪಸ್ ಬಂದ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಆಟವನ್ನು ಪಾಠದ ಜೊತೆ ಸೇರಿಸಿ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ, ಇದು ನನ್ನೊಬ್ಬನ ಹಟ ಅಲ್ಲ. ಮಗುವಿಗೆ ನಿಜವಾಗಿ ಆಟ ಕೈಹಿಡಿದಿದೆ ಅನ್ನಿಸಿದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ಹಾಸ್ಟೆಲ್‌ಗಳಿವೆ. ಕೊಡಗಿನ ಕೂಡಿಗೆ, ಪೊನ್ನಂಪೇಟೆ ಹೆಸರು ಕೇಳಿರುತ್ತೀರಿ. ಅಲ್ಲಿ ತರಬೇತಿಯೂ ಉಂಟು, ಓದೂ ಉಂಟು. ಆಯ್ಕೆ ಟ್ರಯಲ್ಸ್ ಯಾವಾಗ ಅಂತ ನಿಮ್ಮ ಜಿಲ್ಲೆಯ ಇಲಾಖೆ ಕಚೇರಿಯಲ್ಲಿ ಕೇಳಿ. ಹೆಣ್ಣುಮಕ್ಕಳನ್ನೂ ಕಳಿಸಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್ಲಿನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತದ ವನಿತೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ ಇದ್ದರು.

ಎಲ್ಲ ಮಕ್ಕಳೂ ವಿಶ್ವಕಪ್ಪಿಗೆ ಹೋಗೋದಿಲ್ಲ. ಹೋಗೋದೂ ಬೇಡ. ವಾರಕ್ಕೆ ಟೈಮ್‌ಟೇಬಲ್ಲಿನಲ್ಲಿ ಬರೆದಿರುವಷ್ಟು ಪೀರಿಯಡ್ ಆಡಲಿ, ಸಾಕು. ಮುಂದಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಬರೀ ಬಿಸಿಯೂಟ, ಸಮವಸ್ತ್ರ ವಿಚಾರಿಸಿ ಎದ್ದು ಬರಬೇಡಿ. ಹೋದ ತಿಂಗಳು ಎಷ್ಟು ಆಟದ ಪೀರಿಯಡ್ ಪೋರ್ಷನ್ ಮುಗಿಸೋಕೆ ಹೋಯ್ತು ಅಂತ ಕೇಳಿ. ಹೆಡ್‌ಮಾಸ್ಟರು ಸಿಟ್ಟಾದರೆ, ರೇಡಿಯೋದಲ್ಲಿ ಪಿಟಿ ಮೇಷ್ಟ್ರು ಕೇಳೋಕೆ ಹೇಳಿದರು ಅನ್ನಿ. ನಮಸ್ಕಾರ.