ಅಡ್ವಾನ್ಸ್ ಪುಸ್ತಕ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ 19 ವರ್ಷ ಗಲ್ಲಾದ ಮೇಲೆ ಕೂತವನು. ನಮ್ಮ ಸಾವುಕಾರರಿಗೆ ಎರಡು ಅಂಗಡಿ. ಮುಂದಿನ ರಸ್ತೆಗೆ ಬೆಣ್ಣೆ ದೋಸೆ ಹೋಟೆಲು, ಹಿಂದಿನ ರಸ್ತೆಗೆ ಬಾರ್ ಅಂಡ್ ರೆಸ್ಟೋರೆಂಟು. ಎರಡರ ಲೆಕ್ಕವೂ ನನ್ನದೇ. ಬೀಗರು ನೆಂಟರು ಕೇಳಿದರೆ ಹೋಟೆಲಿನಲ್ಲಿ ಕೆಲಸ ಅನ್ನುತ್ತಿದ್ದೆ. ಬಾರಿನ ಮಾತು ಎತ್ತುತ್ತಿರಲಿಲ್ಲ. ಇವತ್ತು ಬಾನುಲಿಯಲ್ಲೇ ಹೇಳಿಬಿಟ್ಟೆ, ಇನ್ನು ಮುಚ್ಚಿಟ್ಟು ಏನು ಮಾಡೋದು.

ನಮ್ಮ ಗಲ್ಲಾದ ಕೆಳಗೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದು ಇರುತ್ತಿತ್ತು. ಅಡ್ವಾನ್ಸ್ ಪುಸ್ತಕ. ಸಪ್ಲೈಯರ್, ಕ್ಲೀನರ್, ದೋಸೆ ಭಟ್ಟರು, ಚಪಾತಿ ಲಟ್ಟಿಸುವ ಅಕ್ಕ, ಒಬ್ಬೊಬ್ಬರಿಗೂ ಒಂದೊಂದು ಪುಟ. 2020 ದುಗ್ಗಮ್ಮನ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಂದಾಗ ಊರೆಲ್ಲ ನೆಂಟರು. ನಮ್ಮ ಹುಡುಗರು ಸಾವಿರ, ಎರಡು ಸಾವಿರ, ಒಬ್ಬನಂತೂ ಕುರಿಗೇ ಅಂತ ಎಂಟು ಸಾವಿರ ಎತ್ತಿದ್ದ. ಆ ಸಾಲದಲ್ಲಿ ಒಂದು ಕಂತೂ ತೀರಿರಲಿಲ್ಲ, ಕೊರೋನಾ ಬಂದು ಶಟರ್ ಎಳೆಯುವ ಕಾಲ ಬಂತು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಒಂದು ದಿನ ತಾನೇ ಅಂದುಕೊಂಡು ಶನಿವಾರ ರಾತ್ರಿಯೇ ಹಿಟ್ಟು ರುಬ್ಬಿಸಿಟ್ಟಿದ್ದೆವು. ಆಮೇಲೆ ಸಾವುಕಾರರು ತೆಗೆಯೋದು ಬೇಡ ಅಂದರು. ಮಂಗಳವಾರ ರಾತ್ರಿ ಪ್ರಧಾನಿಗಳು ಟಿವಿಯಲ್ಲಿ 21 ದಿನ ಅಂದರು. ಮಾರನೇ ದಿನ ಯುಗಾದಿ. ಬೆಳಿಗ್ಗೆ ಒಳಗೆ ಹೋಗಿ ನೋಡಿದರೆ ಹಿಟ್ಟು ಉಕ್ಕಿ, ಡ್ರಮ್ಮಿನ ಮುಚ್ಚಳ ಎತ್ತಿ, ನೆಲದ ಮೇಲೆಲ್ಲ ಹರಿದು ಒಣಗಿತ್ತು. ಹುಳಿ ವಾಸನೆ. ದೋಸೆ ಭಟ್ಟರು ಏನೂ ಮಾತಾಡದೆ ಸೌಟಿನಲ್ಲಿ ಕೆರೆದು ಕೆರೆದು ಬಕೆಟ್ಟಿಗೆ ತುಂಬಿದರು. ಬೇವು ಬೆಲ್ಲದ ನೆನಪೂ ಯಾರಿಗೂ ಆಗಲಿಲ್ಲ.

ಹೊರಗಿನವರಿಗೆ ಒಂದು ಗೊತ್ತಿರುವುದಿಲ್ಲ. ಹೋಟೆಲ್ ಕೆಲಸದವನಿಗೆ ಪಗಾರ ಸಣ್ಣದು. ಅವನ ಬದುಕು ನಡೆಯೋದು ಎರಡು ಹೊತ್ತಿನ ಊಟ, ಅಟ್ಟದ ಮೇಲೆ ಮಲಗೋ ಜಾಗ, ತಟ್ಟೆಯಲ್ಲಿ ಬೀಳೋ ಟಿಪ್ಸು, ಇವುಗಳ ಮೇಲೆ. ಶಟರ್ ಎಳೆದ ಸಂಜೆಯೇ ಊಟವೂ ಹೋಯಿತು, ಟಿಪ್ಸೂ ಹೋಯಿತು. ನಮ್ಮಲ್ಲಿ ಆರು ಹುಡುಗರು ಬಸ್ಸಿಲ್ಲದೆ ಅಟ್ಟದ ಮೇಲೇ ಉಳಿದರು. ಉಗ್ರಾಣದಲ್ಲಿ ಅಕ್ಕಿ ಇತ್ತು, ಈರುಳ್ಳಿ ಇತ್ತು. ದಿನಾ ನೂರಾರು ಜನಕ್ಕೆ ಬಡಿಸಿದವರು ಚಟ್ನಿಪುಡಿ ಕಲಸಿಕೊಂಡು ಅನ್ನ ಉಂಡರು. ಯಾರೋ ಕಿಟ್ ಹಂಚುತ್ತಾರೆ ಅಂತ ಹೋದ ಇಬ್ಬರಿಗೆ, "ಬಾರ್‌ನೋರಾ? ನಿಮಗ್ಯಾಕ್ರಪ್ಪ, ದುಡ್ಡು ಮಾಡ್ಕೊಂಡಿರ್ತೀರಿ" ಅಂದು ಕಳಿಸಿದರು. ಗಿರಾಕಿ ಕೈತಪ್ಪಿ ಗ್ಲಾಸು ಒಡೆದರೂ ಬಿಲ್ಲು ಸಪ್ಲೈಯರ್ ಲೆಕ್ಕಕ್ಕೇ ಬರುತ್ತಿತ್ತು, ಅದನ್ನು ಅವರಿಗೆ ಹೇಳುವವರು ಯಾರು?

ಮೇ 4ಕ್ಕೆ ವೈನ್ ಶಾಪು, ಸರ್ಕಾರದ ಎಂಎಸ್‌ಐಎಲ್ ಮದ್ಯದ ಮಳಿಗೆಗಳು ತೆರೆದವು. ಕಿಲೋಮೀಟರುಗಟ್ಟಲೆ ಸಾಲು, ಟಿವಿಯವರಿಗೆ ಹಬ್ಬ. ನಮ್ಮ ಹುಡುಗರು ಫೋನು ಮಾಡಿ, "ಅಣ್ಣಾ, ಇನ್ನ ನಮ್ದೂ ಶುರುವಲ್ಲಾ?" ಅಂದರು. ಮೇ 9ರಿಂದ ಬಾರುಗಳೂ ಇದ್ದ ಸ್ಟಾಕನ್ನು ಎಂಆರ್‌ಪಿಗೆ ಪಾರ್ಸೆಲ್ ಕೊಡಬಹುದು ಅಂತಾಯಿತು. ಪಾರ್ಸೆಲ್ಲಿಗೆ ಎಷ್ಟು ಜನ ಬೇಕು? ಗಲ್ಲಾದಲ್ಲಿ ನಾನು, ಬಾಟಲಿ ಎತ್ತಿಕೊಡಲು ಇನ್ನೊಬ್ಬ. ಸಪ್ಲೈಯರ್‌ಗೆ ಕೆಲಸ ಹುಟ್ಟೋದು ಗಿರಾಕಿ ಕುರ್ಚಿಯಲ್ಲಿ ಕೂತು ನೈಂಟಿ ಜೊತೆಗೆ ಶೇಂಗಾ ಮಸಾಲೆ ಹೇಳಿದಾಗ. ಬಾರಿನಲ್ಲಿ ಕೂತು ಕುಡಿಯಲು ಅಪ್ಪಣೆ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ. ಬಾಟಲಿಗೆ ನಲವತ್ತು ದಿನದ ಲಾಕ್‌ಡೌನು, ಕುರ್ಚಿಗೆ ಐದು ತಿಂಗಳ ಮೇಲೆ. ಆ ಐದು ತಿಂಗಳ ಸುದ್ದಿ ಯಾವ ಟಿವಿಯಲ್ಲೂ ನಾನು ನೋಡಲಿಲ್ಲ.

ಹೋಟೆಲಿನದು ಬೇರೆ ಕಥೆ. ಅಲ್ಲಿ ಜೂನ್ 8ಕ್ಕೇ ಕೂತು ತಿನ್ನಬಹುದು ಅಂತಾಯಿತು. ಅಲ್ಲೀತನಕ ಪಾರ್ಸೆಲ್ಲು. ಆದರೆ ಬೆಣ್ಣೆ ದೋಸೆ ಪಾರ್ಸೆಲ್ ಆಗೋ ಜಾತಿಯದಲ್ಲ. ಕಟ್ಟಿಗೆ ಒಲೆಯ ಕಾವಲಿಯಿಂದ ಇಳಿದ ಎರಡು ನಿಮಿಷಕ್ಕೆ ಬಾಯಿಗೆ ಹೋಗಬೇಕು. ಬಾಳೆಎಲೆ, ಪೇಪರು ಸುತ್ತಿದರೆ ತನ್ನ ಹಬೆಗೆ ತಾನೇ ಮೆತ್ತಗಾಗಿ, ಮನೆ ಮುಟ್ಟುವಷ್ಟರಲ್ಲಿ ಬೆಣ್ಣೆ ಎಲೆಗೆ ಅಂಟಿ, ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಒಂದು ಸಂಜೆ ಭಟ್ಟರು ಸೌಟು ಕೆಳಗಿಟ್ಟು, "ಇದನ್ನ ಕಟ್ಟಿಕೊಡೋಕೆ ನನಗೆ ನಾಚಿಕೆ ಆಗ್ತದೆ ಯಜಮಾನ್ರೇ" ಅಂದರು. ನಾಲ್ಕು ದಿನಕ್ಕೆ ಜಗಳೂರಿಗೆ ಹೊರಟರು. ಹಿಂದಿರುಗಲಿಲ್ಲ.

ನೆರವು ಬರಲಿಲ್ಲವೇ ಅಂತ ಕೇಳುತ್ತೀರಿ. ಬಂತು, ನಮ್ಮ ಪಕ್ಕದಲ್ಲಿ ಹಾದುಹೋಯಿತು. ಪಿಎಫ್ ಇದ್ದವರು ಮೂರು ತಿಂಗಳ ಸಂಬಳ ಅಥವಾ ಖಾತೆಯ ಮುಕ್ಕಾಲು ಪಾಲು, ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಬಹುದಿತ್ತು. ಪಿಎಫ್ ಕಡ್ಡಾಯವಾಗೋದು 20 ಜನ ಕೆಲಸಗಾರರಿದ್ದರೆ. ನಮ್ಮಲ್ಲಿ ಎರಡೂ ಕಡೆ ಸೇರಿ 23 ಜನ. ಹಾಜರಿ ಪುಸ್ತಕದಲ್ಲಿ ಮಾತ್ರ ಅಲ್ಲಿ 9, ಇಲ್ಲಿ 9. ಮಿಕ್ಕವರು ಎಲ್ಲಿದ್ದರು ಅಂದರೆ, ಅಡ್ವಾನ್ಸ್ ಪುಸ್ತಕದಲ್ಲಿದ್ದರು. ಹಾಜರಿ ಬರೆದ ಕೈ ಯಾರದು ಅಂತ ಬೇರೆ ಹೇಳಬೇಕಿಲ್ಲ.

ತಳ್ಳುಗಾಡಿಯವರಿಗೆ 10,000 ರೂಪಾಯಿಯ ಸ್ವನಿಧಿ ಸಾಲ ಬಂತು. ಕೆಲಸ ಹೋಯಿತು, ಗಾಡಿ ಇಡೋಣ ಅಂದವರಿಗೆ ಅದೂ ಎಟುಕಲಿಲ್ಲ. 2020ರ ಮಾರ್ಚ್ 24ಕ್ಕೆ ಮೊದಲೇ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ ಅಂತ ಷರತ್ತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪರಿಹಾರ ಸಾರಿದಾಗ ಆಟೋದವರಿಗೆ 3,000, ದರ್ಜಿ, ಕ್ಷೌರಿಕ, ಮಡಿವಾಳ, ಹಮಾಲಿ, ಮೆಕ್ಯಾನಿಕ್‌ಗಳಿಗೆ 2,000. ನಾನು ಪೇಪರ್ ಹಿಡಿದು ಎರಡು ಸಲ ಓದಿದೆ. ಸಪ್ಲೈಯರ್ ಅನ್ನೋ ಪದ ಕಾಣಲಿಲ್ಲ.

ನರೇಗಾ ಒಂದು ಕೈ ಹಿಡಿಯಿತು. ಆಗ ದಿನಕ್ಕೆ 275 ರೂಪಾಯಿ ಕೂಲಿ. ನಮ್ಮ ಬಾರಿನ ಹಿರಿಯ ಸಪ್ಲೈಯರ್, ಹನ್ನೊಂದು ಟೇಬಲ್ಲಿನ ಲೆಕ್ಕವನ್ನು ಚೀಟಿಯಿಲ್ಲದೆ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಮನುಷ್ಯ, ಊರಿನಲ್ಲಿ ಬದು ಹಾಕೋಕೆ ಹೋದ. ಒಂದು ವಾರಕ್ಕೆ ಅಂಗೈಯ ಬೊಬ್ಬೆಗಳ ಫೋಟೋ ಕಳಿಸಿ ಕೆಳಗೆ ಬರೆದಿದ್ದ: "ಅಣ್ಣಾ, ಟಿಪ್ಸು."

ಸಾವುಕಾರರನ್ನು ದೂರೋದು ಸುಲಭ. ಅವರಿಗೂ ಬಾಡಿಗೆ ಇತ್ತು, ಲೈಸೆನ್ಸ್ ಫೀ ಇತ್ತು. ಏಪ್ರಿಲ್‌ನಲ್ಲಿ ಒಬ್ಬೊಬ್ಬರಿಗೂ ಎರಡು ಸಾವಿರ ಕೊಟ್ಟರು, ನಿಜ. ಕೊಟ್ಟು, "ಪುಸ್ತಕಕ್ಕೆ ಹಾಕ್ಕೋ" ಅಂದರು. ಹಾಕಿಕೊಂಡೆ. ನನ್ನದೇ ಅಕ್ಷರ, ನೀಲಿ ಪೆನ್ನು, ಜಾತ್ರೆ ಸಾಲದ ಕೆಳಗಿನ ಸಾಲು. ಬಾರ್ ತೆರೆದ ಮೇಲೆ ತಿಂಗಳಿಗೆ 500ರಂತೆ ಹಿಡಿದೆವು. ಅದು ತೀರುವ ಮೊದಲೇ ಎರಡನೇ ಅಲೆ. 2021ರ ಜೂನ್ 14ಕ್ಕೆ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಬಿಗಿ ಸಡಿಲವಾದರೂ 11 ಜಿಲ್ಲೆಗಳಲ್ಲಿ ಮುಂದುವರಿಯಿತು. ಅದರಲ್ಲಿ ನಮ್ಮ ದಾವಣಗೆರೆಯೂ ಒಂದು. ಹುಡುಗರಲ್ಲಿ ಅರ್ಧ ಜನ ಆಗ ಹೋದವರು ಹೋಗೇಬಿಟ್ಟರು.

ಒಬ್ಬ ಮಾತ್ರ ಒಂದು ದಿನ ಬಂದ. ಬ್ಯಾಂಕಿನಲ್ಲಿ ಸಾಲಕ್ಕೆ ಕೇಳಿದ್ದಾರೆ, ಇಲ್ಲಿ ಏಳು ವರ್ಷ ದುಡಿದೆ ಅಂತ ಒಂದು ಕಾಗದ ಬೇಕು ಅಂದ. ಸಾವುಕಾರರು ಒಪ್ಪಲಿಲ್ಲ. ಅವನು ಗಲ್ಲಾದ ಕೆಳಗೆ ಬೆರಳು ತೋರಿಸಿ, "ಅದರಾಗೆ ನನ್ನ ಹೆಸರು ಐತಲ್ಲಣ್ಣ, ಆ ಹಾಳೆನಾದ್ರೂ ಜೆರಾಕ್ಸ್ ಮಾಡಿಸ್ಕೊಡು" ಅಂದ. ಪುಟ ತೆರೆದೆ. ಏಳು ವರ್ಷ ಇತ್ತು, ಬರೀ ಸಾಲ ಇತ್ತು. ಅವನೂ ಬಗ್ಗಿ ನೋಡಿ, "ಬ್ಯಾಡ ಬಿಡು" ಅಂದ.

ಈಗ ನಾನೂ ಆ ಕೆಲಸದಲ್ಲಿಲ್ಲ. ಹೋದ ವರ್ಷ ಜಗಳೂರಿಗೆ ಒಂದು ಮದುವೆಗೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟಿಗೆ ಹೊಗೆಯ ವಾಸನೆ ಹಿಡಿದು ನಡೆದೆ. ಭಟ್ಟರೇ. ತಗಡಿನ ಚಪ್ಪರ, ಒಂದು ಕಾವಲಿ, ಎರಡು ಬೆಂಚು. ನನ್ನ ನೋಡಿ, "ಕೂತ್ಕೊಳ್ಳಿ ಯಜಮಾನ್ರೇ" ಅಂದರು. ಅವರ ಪುಟದಲ್ಲಿ 6,500 ಬಾಕಿ ಇತ್ತು ಅನ್ನೋದು ನನಗೆ ನೆನಪಿತ್ತು, ಅವರಿಗೂ ಇದ್ದಿರಬೇಕು. ಎರಡು ದೋಸೆ ತಿಂದೆ. ಕಾವಲಿಯಿಂದ ನೇರ ತಟ್ಟೆಗೆ ಹಾಕಿದರು. ಚಪ್ಪರದ ಕಂಬಕ್ಕೆ ಒಂದು ರಟ್ಟು ಕಟ್ಟಿದ್ದರು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಪಾರ್ಸೆಲ್ ಇಲ್ಲ.

ನಮಸ್ಕಾರ.