ಬೇರೆ ಯೋಚಿಸಿದವರಿಗೆ ರಷ್ಯನ್ನಿನ ಹೆಸರುಗಳು

ಕೇಳುಗರಿಗೆ ನಮಸ್ಕಾರ.

ಸುದ್ದಿಯಲ್ಲಿ ‘ಭಿನ್ನಮತೀಯರು’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವವರು ಮಂತ್ರಿಗಿರಿ ತಪ್ಪಿದ ಶಾಸಕರು, ರೆಸಾರ್ಟಿನಲ್ಲಿ ತಂಗಿದ ಗುಂಪು, ಹೈಕಮಾಂಡ್ ಕಳಿಸಿದ ವೀಕ್ಷಕರು. ಅದೇ ಮಾತನ್ನು ನಾವು ಆಂದ್ರೇಯ್ ಸಖಾರೋವ್ ಅವರಿಗೂ ಬಳಸುತ್ತೇವೆ. 1975ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ, 1980ರಿಂದ 1986ರವರೆಗೆ ಗೋರ್ಕಿ ನಗರದಲ್ಲಿ ಕಾವಲಿನಡಿ ಇರಿಸಲ್ಪಟ್ಟ ಸೋವಿಯತ್ ಭೌತವಿಜ್ಞಾನಿ ಅವರು. ಅವರಿಗೆ ಯಾವ ಪಕ್ಷದ ಸ್ಥಾನಮಾನವೂ ಬೇಕಿರಲಿಲ್ಲ. ಇಂಥವರನ್ನು ಕರೆಯಲು ರಷ್ಯನ್ನಿನಲ್ಲಿ ಬಗೆಬಗೆಯ ಪದಗಳಿವೆ. ಕೆಲವು ಅವರೇ ಇಟ್ಟುಕೊಂಡವು, ಕೆಲವು ಸರ್ಕಾರ ಹಚ್ಚಿದವು, ಇನ್ನು ಕೆಲವು ಹೊರಗಿನಿಂದ ಬಂದವು. ಎಲ್ಲವನ್ನೂ ಒಂದೇ ಕನ್ನಡ ಪದಕ್ಕೆ ಇಳಿಸಿದರೆ, ಮಾತಾಡುತ್ತಿರುವವರು ಯಾರೆಂಬುದೇ ಅಳಿಸಿಹೋಗುತ್ತದೆ.

ಮೊದಲು ‘ಇನಾಕೊಮಿಸ್ಲ್ಯಾಶ್ಶಿ’. ‘ಇನಾಕೊ’ ಅಂದರೆ ಬೇರೆ ರೀತಿಯಲ್ಲಿ, ‘ಮಿಸ್ಲ್ಯಾಶ್ಶಿ’ ಅಂದರೆ ಯೋಚಿಸುವ. ಒತ್ತು ‘ಮಿ’ ಮೇಲೆ ಬೀಳಬೇಕು. ಒತ್ತಿಲ್ಲದ ‘ಒ’ ರಷ್ಯನ್ ಬಾಯಲ್ಲಿ ‘ಅ’ಕಾರದ ಹತ್ತಿರ ಸರಿಯುತ್ತದೆ, ಹಾಗಾಗಿ ಕಿವಿಗೆ ಬಹುಪಾಲು ‘ಇನಕಮಿಸ್ಲಿಶ್ಶಿ’ ಎಂದೇ ಕೇಳುತ್ತದೆ. ರೂಪದಲ್ಲಿ ಇದು ಕೃದಂತ. ನಾಮಪದದಂತೆ ನಿಂತರೂ ವಿಶೇಷಣದ ಹಾಗೆ ರೂಪ ಬದಲಿಸುತ್ತದೆ: ಹೆಂಗಸಾದರೆ ಕೊನೆ ‘-ಶ್ಶಯಾ’, ಬಹುವಚನವಾದರೆ ‘-ಶ್ಶಿಯೆ’. ಈ ಬಗೆಯ ಯೋಚನೆಗೆ, ಅಂದರೆ ಭಾವನಾಮಕ್ಕೆ, ‘ಇನಾಕೊಮಿಸ್ಲಿಯೆ’ ಎನ್ನುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ‘ಮತ’ ಎಂಬ ಪದ ಸಂಸ್ಕೃತದ ‘ಮನ್’, ಅಂದರೆ ಯೋಚಿಸು ಎಂಬ ಧಾತುವಿನಿಂದ ಬಂದದ್ದು. ಭಿನ್ನ ಮತ ಎಂದರೆ ಬೇರೆ ಯೋಚನೆ. ಬೇರಿನಿಂದ ನೋಡಿದರೆ ‘ಭಿನ್ನಮತೀಯ’ ಮತ್ತು ‘ಇನಾಕೊಮಿಸ್ಲ್ಯಾಶ್ಶಿ’ ಒಂದೇ ಅಚ್ಚಿನವು. ಆದರೆ ಕನ್ನಡದಲ್ಲಿ ‘ಮತ’ ಧರ್ಮವೂ ಆಯಿತು, ಓಟೂ ಆಯಿತು; ‘ಭಿನ್ನಮತೀಯ’ವಂತೂ ಪಕ್ಷದ ಒಳಜಗಳಕ್ಕೆ ಮೀಸಲಾಗಿಬಿಟ್ಟಿತು. ಅಷ್ಟು ಒಳ್ಳೆಯ ಪದ ಹೀಗೆ ಸವೆದುಹೋದದ್ದಕ್ಕೆ ನನಗೆ ಬೇಸರವಿದೆ. ಹಾಗಾಗಿ ಈ ರಷ್ಯನ್ ಪದಕ್ಕೆ ‘ಬೇರೆ ರೀತಿ ಯೋಚಿಸುವವರು’ ಎಂದು ಬಿಡಿಸಿ ಹೇಳುವುದೇ ಸರಿ ಅನ್ನಿಸುತ್ತದೆ.

‘ದಿಸಿದೆಂತ್’, ಅಂದರೆ ಡಿಸಿಡೆಂಟ್, ಲ್ಯಾಟಿನ್ ಮೂಲದ್ದು. ಅರ್ಥ, ದೂರ ಸರಿದು ಕೂತವನು. ಹದಿನೆಂಟನೆಯ ಶತಮಾನದಲ್ಲಿ ಅದು ಪೋಲೆಂಡಿನ ಕ್ಯಾಥೊಲಿಕರಲ್ಲದ ಕ್ರೈಸ್ತರಿಗೆ ಸಲ್ಲುತ್ತಿತ್ತು. ಸೋವಿಯತ್ ಕಾಲದಲ್ಲಿ ವಿದೇಶಿ ಪತ್ರಕರ್ತರ ಬಳಕೆಯಿಂದ ಮರಳಿ ಬಂತು. ಸೋವಿಯತ್ ಪತ್ರಿಕೆಗಳು ಅದಕ್ಕೆ ಮೊದಲು ‘ತಾಕ್ ನಜಿವಾಯೆಮಿಯೆ’, ಅಂದರೆ ‘ಎಂದು ಕರೆಯಿಸಿಕೊಳ್ಳುವ’ ಎಂಬ ಮಾತು ಸೇರಿಸಿ ಹೀಗಳೆದವು. ಆ ಹೆಸರು ಹೊತ್ತವರಲ್ಲೂ ಹಲವರಿಗೆ ಅದು ಹಿಡಿಸಲಿಲ್ಲ. ರಷ್ಯನ್ನಿನಲ್ಲಿ ‘ಸಿದೇತ್’ ಎಂದರೆ ಕೂರು. ಜೈಲಿನಲ್ಲಿರು ಎಂದೂ ಹೌದು. ಜನ ಈ ಎರಡನ್ನೂ ಹೊಸೆದು ‘ದೊಸಿದೆಂತ್, ಸಿದೆಂತ್, ಒತ್ಸಿದೆಂತ್’ ಎಂದು ಕಟ್ಟಿದರು: ಜೈಲಿಗೆ ಇನ್ನೂ ಹೋಗದವನು, ಈಗ ಒಳಗಿರುವವನು, ಶಿಕ್ಷೆ ಮುಗಿಸಿ ಬಂದವನು. ಲ್ಯಾಟಿನ್ನಿನ ಆ ಧಾತು, ರಷ್ಯನ್ನಿನ ‘ಸಿದೇತ್’, ನಮ್ಮ ‘ಸದನ’ದೊಳಗಿನ ‘ಸದ್’ ಮೂರೂ ಒಂದೇ ಬೇರಿನ ಚಿಗುರುಗಳು.

ಈ ಬೇರೆ ರೀತಿ ಯೋಚಿಸುವವರಲ್ಲಿ ಬಹಳ ಜನ ಮೆಚ್ಚಿದ ಪದ ‘ಪ್ರವೊಜಶ್ಶೀತ್ನಿಕ್’. ‘ಪ್ರಾವೊ’ ಎಂದರೆ ಹಕ್ಕು, ‘ಜಶ್ಶೀತಾ’ ಎಂದರೆ ರಕ್ಷಣೆ. ಅದರೊಳಗೆ ಗುರಾಣಿ ಎಂಬ ಅರ್ಥದ ‘ಶ್ಶೀತ್’ ಅಡಗಿದೆ. ಹೆಂಗಸಿಗೆ ‘ಪ್ರವೊಜಶ್ಶೀತ್ನಿತ್ಸಾ’. ಇದನ್ನು ‘ಬಂಡುಕೋರ’ ಎಂದು ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ. 1965ರ ಡಿಸೆಂಬರ್ 5, ಸೋವಿಯತ್ ಸಂವಿಧಾನ ದಿನ. ಅಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಎತ್ತಿಹಿಡಿದ ಘೋಷಣೆ ‘ಸೋವಿಯತ್ ಸಂವಿಧಾನವನ್ನು ಗೌರವಿಸಿ’ ಎಂಬುದು. ಬಂಧನದಲ್ಲಿದ್ದ ಲೇಖಕರಾದ ಸಿನ್ಯಾವ್ಸ್ಕಿ ಮತ್ತು ದನಿಯೇಲ್ ಅವರ ವಿಚಾರಣೆ ಬಹಿರಂಗವಾಗಿ ನಡೆಯಲಿ ಎಂದೂ ಕೇಳಿದರು. ಬರೆದಿಟ್ಟ ಕಾನೂನನ್ನು ನೀವೇ ಪಾಲಿಸಿ ಎಂದವರು ಇವರು. ಕನ್ನಡದಲ್ಲಿ ‘ಹಕ್ಕುಗಳ ರಕ್ಷಕರು’ ಎಂದರೆ ಸಾಕು. ಆ ವರ್ಷಗಳಲ್ಲಿ ಇಂಥವರ ಪರ ಪತ್ರಗಳಿಗೆ ಸಹಿ ಹಾಕಿದವರಿಗೆ ‘ಪದ್ಪಿಸಾಂತ್’ ಎಂಬ ಹೆಸರು ಬಿತ್ತು; ಆ ಒಂದು ಸಹಿಗಾಗಿ ಕೆಲಸ ಕಳೆದುಕೊಂಡವರಿದ್ದಾರೆ.

ಸರ್ಕಾರದ ಬಾಯಿಯ ಪದಗಳು ಬೇರೆ. ‘ಉಕ್ಲೊನಿಸ್ತ್’ ಎಂದರೆ ಕಮ್ಯುನಿಸ್ಟ್ ಪಕ್ಷದ ದಾರಿಯಿಂದ ವಾಲಿದವನು; 1929ರ ಹೊತ್ತಿಗೆ ಆ ಪಕ್ಷದ ನಾಯಕ ಬುಖಾರಿನ್ ‘ಬಲ ವಾಲಿಕೆ’ಯವರಾದರು. ‘ವ್ರಾಗ್ ನರೋದಾ’, ಅಂದರೆ ಜನಶತ್ರು, 1936ರ ಸಂವಿಧಾನದ 131ನೆಯ ವಿಧಿಯಲ್ಲೇ ಇದೆ. ಆ ಮಾತು ಬಳಸಿ ಸ್ಟಾಲಿನ್ ಮಾಡಿದ ಅನಾಹುತವನ್ನು ಸೋವಿಯತ್ ನಾಯಕ ಕ್ರುಶ್ಚೋವ್ 1956ರ ಭಾಷಣದಲ್ಲಿ ಬಿಡಿಸಿಟ್ಟರು. ‘ಅತ್ಶ್ಶೆಪ್ಯೇನೆತ್ಸ್’ ಎಂಬುದರಲ್ಲಿ ‘ಶ್ಶೆಪಾ’ ಇದೆ, ಕೊಡಲಿ ಏಟಿಗೆ ಸಿಡಿಯುವ ಮರದ ಚಕ್ಕೆ. ದೊಡ್ಡ ದಿಮ್ಮಿಯಿಂದ ಸಿಡಿದು ಬಿದ್ದವನು ಎಂಬ ತಿರಸ್ಕಾರ ಅದು. ‘ಕಾಡು ಕಡಿದರೆ ಚಕ್ಕೆ ಹಾರುತ್ತದೆ’ ಎಂಬ ರಷ್ಯನ್ ಗಾದೆ ಬಲ್ಲವರಿಗೆ ಆ ಪದದ ಕ್ರೌರ್ಯ ಬೇಗ ತಟ್ಟುತ್ತದೆ.

ತಪ್ಪು ಹೆಚ್ಚಾಗಿ ನುಸುಳುವುದು ‘ಅತ್ಕಾಜ್ನಿಕ್’ನಲ್ಲಿ. ‘ಅತ್ಕಾಜ್’ ಎಂದರೆ ನಿರಾಕರಣೆ. ಇಂಗ್ಲಿಷಿನ ‘ರೆಫ್ಯೂಸ್ನಿಕ್’ ಮೂಲಕ ಬಂದಾಗ ‘ನಿರಾಕರಿಸಿದವರು’ ಎಂದು ಬರೆದುಬಿಡುತ್ತೇವೆ. ನಿರಾಕರಿಸಿದ್ದು ಅವರಲ್ಲ, ‘ಓವಿರ್’ ಎಂಬ ವೀಸಾ ಕಚೇರಿ. ದೇಶ ಬಿಡಲು ಅರ್ಜಿ ಹಾಕಿ ಅನುಮತಿ ಸಿಗದೆ ಉಳಿದವರು ಇವರು. ಹೆಚ್ಚಿನವರು ಇಸ್ರೇಲಿಗೆ ಹೊರಟಿದ್ದ ಯಹೂದಿಗಳು; ಎಷ್ಟೋ ಮಂದಿಗೆ ಸೋವಿಯತ್ ವ್ಯವಸ್ಥೆಯನ್ನು ತಿದ್ದುವ ಉದ್ದೇಶವೇ ಇರಲಿಲ್ಲ. ‘ಅನುಮತಿ ಸಿಗದವರು’ ಎಂದರೆ ಅರ್ಥ ನೇರವಾಗುತ್ತದೆ.

ಇಂದಿನ ರಷ್ಯದ ಸುದ್ದಿ ಓದುವವರಿಗೆ ಎದುರಾಗುವುದು ‘ಇನೊಅಗೆಂತ್’. ‘ಇನೊಸ್ತ್ರಾನ್ನಿ ಅಗೆಂತ್’, ಅಂದರೆ ವಿದೇಶಿ ಏಜೆಂಟ್ ಎಂಬುದರ ಮೊಟಕು ರೂಪ. 2012ರ ಕಾನೂನು ಸರ್ಕಾರೇತರ ಸಂಸ್ಥೆಗಳಿಗೆ ಈ ಹಣೆಪಟ್ಟಿ ಹಚ್ಚಿತು. ಆಮೇಲೆ ಮಾಧ್ಯಮಗಳಿಗೂ ವ್ಯಕ್ತಿಗಳಿಗೂ ಹಬ್ಬಿತು. ಕನ್ನಡದಲ್ಲಿ ಏಜೆಂಟ್ ಎಂದರೆ ವಿಮೆಯವರು, ಬಸ್ ಟಿಕೆಟಿನವರು ನೆನಪಾಗುತ್ತಾರೆ. ಆದರೆ ರಷ್ಯನ್ ಕಿವಿಗೆ ಮೊದಲು ಕೇಳುವುದು ಗೂಢಚಾರ. ಇದು ಆ ವ್ಯಕ್ತಿಯ ನಿಲುವಿನ ಹೆಸರಲ್ಲ, ಸರ್ಕಾರದ ದಾಖಲೆಯ ಗುರುತು. ಆದ್ದರಿಂದ ‘ವಿದೇಶಿ ಏಜೆಂಟ್ ಆದ ಪತ್ರಕರ್ತ’ ಎಂದು ಓದಬಾರದು. ‘ಸರ್ಕಾರ ವಿದೇಶಿ ಏಜೆಂಟರ ಪಟ್ಟಿಗೆ ಸೇರಿಸಿದ ಪತ್ರಕರ್ತ’ ಎಂದೇ ಓದಬೇಕು. ನಾಲ್ಕು ಸೆಕೆಂಡು ಹೆಚ್ಚು ಹಿಡಿಯುತ್ತದೆ; ಹಿಡಿಯಲಿ.

ನಮಸ್ಕಾರ.