ನಮ್ಮೂರಿಗಾಗಿ ನಿಮ್ಮೂರನ್ನು ಪಣಕ್ಕಿಡುತ್ತೀರಾ?

ಕೇಳುಗರಿಗೆ ನಮಸ್ಕಾರ. ಯೂರೋಪಿನ ಭದ್ರತೆ, ಅಣ್ವಸ್ತ್ರ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾರ ಹತ್ತಿರ ಎಷ್ಟು ಬಾಂಬ್ ಇದೆ? ದಯವಿಟ್ಟು ಆ ಲೆಕ್ಕ ಪಕ್ಕಕ್ಕಿಡಿ. ಅಮೆರಿಕದ ಹತ್ತಿರವೂ ಸಾವಿರಗಟ್ಟಲೆ ಇವೆ, ರಷ್ಯಾದ ಹತ್ತಿರವೂ ಸಾವಿರಗಟ್ಟಲೆ ಇವೆ. ಕೇಳಬೇಕಾದ ಪ್ರಶ್ನೆ ಬೇರೆ. ಗೆಳೆಯನ ಊರಿನ ಮೇಲೆ ಯಾರೋ ಬಿದ್ದರೆ, ಅದಕ್ಕಾಗಿ ನನ್ನ ಊರನ್ನು ಪಣಕ್ಕಿಡುತ್ತೇನೆ ಅಂತ ಒಬ್ಬ ಹೇಳುತ್ತಾನೆ. ಆ ಮಾತನ್ನು ಶತ್ರು ನಂಬುತ್ತಾನಾ?

ಸಾಲಕ್ಕೆ ಜಾಮೀನು ನಿಲ್ಲುವವರನ್ನು ನೀವು ನೋಡಿರುತ್ತೀರಿ. ಸಹಿ ಹಾಕುವ ದಿನ ಎಲ್ಲರೂ ಇರುತ್ತಾರೆ. ಬ್ಯಾಂಕಿನ ನೋಟಿಸ್ ಬಂದ ದಿನ ಯಾರು ಬಾಗಿಲು ತೆಗೆಯುತ್ತಾರೆ ಅನ್ನುವುದೇ ವಿಷಯ.

ನನಗೆ ಬಹಳ ಇಷ್ಟವಾದ ಒಂದು ಘಟನೆ ಇದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1961, ಬರ್ಲಿನ್. ಎರಡನೇ ಮಹಾಯುದ್ಧದ ನಂತರ ಈ ಊರಿನ ಪೂರ್ವ ಭಾಗ ಸೋವಿಯತ್ ಹಿಡಿತದಲ್ಲಿ, ಪಶ್ಚಿಮ ಭಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಹಿಡಿತದಲ್ಲಿ. ಆಗಸ್ಟ್‌ನಲ್ಲಿ ಊರಿನ ನಡುವೆ ಗೋಡೆ ಎದ್ದಿದೆ. ಪಶ್ಚಿಮ ಬರ್ಲಿನ್‌ನಲ್ಲಿ ಅಮೆರಿಕದ ಕೆಲವೇ ಸಾವಿರ ಸೈನಿಕರು. ಸುತ್ತಲೂ ಪೂರ್ವ ಜರ್ಮನಿ, ಅಲ್ಲಿ ಸೋವಿಯತ್ ಸೈನಿಕರು ಲಕ್ಷಗಟ್ಟಲೆ. ಅಕ್ಟೋಬರ್ 22ರ ಸಂಜೆ ಅಮೆರಿಕದ ರಾಜತಾಂತ್ರಿಕ ಅಲನ್ ಲೈಟ್ನರ್ ಹೆಂಡತಿಯ ಜೊತೆ ಕಾರಿನಲ್ಲಿ ಹೊರಟರು. ಪೂರ್ವ ಬರ್ಲಿನ್‌ನಲ್ಲಿ ಒಂದು ನಾಟಕ ನೋಡಬೇಕಿತ್ತು, ಅಷ್ಟೇ. ಗಡಿ ದಾಟುವ ಜಾಗವಾದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಪೂರ್ವ ಜರ್ಮನಿಯ ಕಾವಲುಗಾರರು ಪಾಸ್‌ಪೋರ್ಟ್ ತೋರಿಸಿ ಅಂದರು. ಲೈಟ್ನರ್ ತೋರಿಸಲಿಲ್ಲ. ನಿಮಗೆ ಕೇಳುವ ಹಕ್ಕಿಲ್ಲ, ಸೋವಿಯತ್ ಅಧಿಕಾರಿಯನ್ನು ಕರೆಸಿ ಅಂತ ಪಟ್ಟು ಹಿಡಿದರು.

ಇಷ್ಟು ಚಿಕ್ಕ ವಿಷಯಕ್ಕೆ ಯಾರಾದರೂ ಜಗಳ ಆಡುತ್ತಾರಾ ಅನ್ನಿಸುತ್ತೆ, ಅಲ್ವಾ? ಆದರೆ ಅಲ್ಲಿದ್ದ ಅಮೆರಿಕದ ಜನರಲ್ ಲೂಷಿಯಸ್ ಕ್ಲೇ ಹಾಗೆ ಯೋಚಿಸಲಿಲ್ಲ. ಇವತ್ತು ಪಾಸ್‌ಪೋರ್ಟ್ ಬಿಟ್ಟುಕೊಟ್ಟರೆ ನಾಳೆ ಊರನ್ನೇ ಬಿಟ್ಟುಕೊಡಬೇಕಾದೀತು ಅನ್ನುವುದು ಅವರ ಲೆಕ್ಕ. ಬಂದೂಕಿಗೆ ಬಯನೆಟ್ ಸಿಕ್ಕಿಸಿಕೊಂಡ ಸೈನಿಕರು ಬಂದರು, ಕಾರಿನ ಅಕ್ಕಪಕ್ಕ ನಡೆದು ಗಡಿ ದಾಟಿಸಿದರು. ಮುಂದಿನ ದಿನಗಳಲ್ಲೂ ಇದೇ ಕಥೆ. 27ರ ಹೊತ್ತಿಗೆ ಆ ಬೀದಿಯ ಈಚೆಗೆ ಅಮೆರಿಕದ ಟ್ಯಾಂಕ್‌ಗಳು, ಆಚೆಗೆ ಸೋವಿಯತ್ ಟ್ಯಾಂಕ್‌ಗಳು. ನಡುವೆ ಇದ್ದದ್ದು ಸುಮಾರು 100 ಮೀಟರ್. ಫಿರಂಗಿಗಳು ಎದುರುಬದುರು, ಹೆಚ್ಚುಕಡಿಮೆ 16 ಗಂಟೆ ಹಾಗೇ ನಿಂತವು. ಒಳಗೊಳಗೆ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ನಡುವೆ ಸಂದೇಶಗಳು ಓಡಾಡಿದವು. ಮರುದಿನ ಬೆಳಿಗ್ಗೆ ಒಂದು ಸೋವಿಯತ್ ಟ್ಯಾಂಕ್ ಕೆಲವು ಮೀಟರ್ ಹಿಂದೆ ಸರಿಯಿತು. ಆಮೇಲೆ ಒಂದು ಅಮೆರಿಕನ್ ಟ್ಯಾಂಕ್ ಸರಿಯಿತು. ಹೀಗೇ ಒಂದೊಂದಾಗಿ.

ಆ ಕೆಲವು ಸಾವಿರ ಸೈನಿಕರಿಂದ ಬರ್ಲಿನ್ ಉಳಿಸಿಕೊಳ್ಳಲು ಆಗುತ್ತಿತ್ತಾ? ಖಂಡಿತ ಇಲ್ಲ. ಆದರೆ ಅವರು ಸತ್ತಿದ್ದರೆ ಅಮೆರಿಕ ಸುಮ್ಮನೆ ಕೂರುವ ಹಾಗಿರಲಿಲ್ಲ. ಅದು ಮಾಸ್ಕೋಗೆ ಗೊತ್ತಿತ್ತು. ಹೆದರಿಸಿ ತಡೆಯುವುದು ಅಂದರೆ ಇದು. ಬಾಂಬ್ ಗೋದಾಮಿನಲ್ಲಿತ್ತು, ನಂಬಿಕೆ ಹುಟ್ಟಿಸಿದ್ದು ಬೀದಿಯಲ್ಲಿ ನಿಂತ ಜನ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನ್ಯಾಟೋ ಅಂದರೆ ಅಮೆರಿಕ, ಕೆನಡಾ ಮತ್ತು ಯೂರೋಪಿನ ದೇಶಗಳ ರಕ್ಷಣಾ ಕೂಟ. ಅದರ ಒಪ್ಪಂದಕ್ಕೆ 1949ರಲ್ಲಿ 12 ದೇಶಗಳು ಸಹಿ ಹಾಕಿದವು, ಈಗ 32 ಇವೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುತ್ತದೆ ಅದರ 5ನೇ ವಿಧಿ. ಆದರೆ ಪೂರ್ತಿ ಓದಿ. ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳಬಹುದು ಅಂತಲೇ ಅಲ್ಲಿ ಬರೆದಿದೆ. ಸೈನ್ಯ ಕಳಿಸಲೇಬೇಕು ಅಂತ ಎಲ್ಲೂ ಇಲ್ಲ.

ಬರೀ ಕಾಗದ ನಂಬಿದವರ ಗತಿ ನೋಡಬೇಕಾದರೆ ಉಕ್ರೇನ್ ನೋಡಿ. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಅದರ ಗಡಿಗಳನ್ನು ಗೌರವಿಸುತ್ತೇವೆ ಅಂತ ಸಹಿ ಹಾಕಿದರು. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರಗಳನ್ನು ರಷ್ಯಾಕ್ಕೆ ಒಪ್ಪಿಸಿತು. 2014ರಲ್ಲಿ ಅದರ ಕ್ರಿಮಿಯಾ ರಷ್ಯಾದ ಪಾಲಾಯಿತು. 2022ರಲ್ಲಿ ಪೂರ್ತಿ ಯುದ್ಧವೇ ಬಂತು. ಅಲ್ಲಿ ಅಮೆರಿಕದ ಸೈನಿಕ ಯಾರೂ ನಿಂತಿರಲಿಲ್ಲ.

ರಷ್ಯಾದ ನೆರೆಯ ನ್ಯಾಟೋ ದೇಶ ಲಿಥುವೇನಿಯಾದವರಿಗೆ ಇದು ಚೆನ್ನಾಗಿ ಅರ್ಥವಾಗಿದೆ. ಅದಕ್ಕೇ ಜರ್ಮನಿ ಅಲ್ಲಿ ಸುಮಾರು 5,000 ಜನರ ಬ್ರಿಗೇಡ್ ಕಟ್ಟುತ್ತಿದೆ. ಬಂದು ಹೋಗುವ ಪಡೆ ಅಲ್ಲ, ಅಲ್ಲೇ ನೆಲೆ ನಿಲ್ಲುವ ಪಡೆ. ಸೈನಿಕರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಸಿಡಿತಲೆ ಎಣಿಸುವವರಿಗೆ ಇದು ಸುದ್ದಿಯೇ ಅಲ್ಲ, ನನಗಂತೂ ಇದೇ ದೊಡ್ಡ ಸುದ್ದಿ.

ಕೊನೆಯದಾಗಿ ಫ್ರಾನ್ಸ್. ಪ್ಯಾರಿಸ್‌ಗಾಗಿ ನ್ಯೂಯಾರ್ಕ್ ಕಳೆದುಕೊಳ್ಳಲು ತಯಾರಿದ್ದೀರಾ ಅಂತ ಆಗಿನ ಫ್ರಾನ್ಸ್ ಅಧ್ಯಕ್ಷ ಡಿಗಾಲ್ 1961ರಲ್ಲೇ ಕೆನಡಿಯನ್ನು ನೇರವಾಗಿ ಕೇಳಿದ್ದರು. ಬಂದ ಉತ್ತರದ ಮೇಲೆ ಅವರಿಗೆ ಭರವಸೆ ಇರಲಿಲ್ಲ, ಸ್ವಂತ ಬಾಂಬನ್ನೇ ನೆಚ್ಚಿಕೊಂಡರು. 2025ರ ಮಾರ್ಚ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್, ಫ್ರಾನ್ಸಿನ ಅಣ್ವಸ್ತ್ರದ ರಕ್ಷಣೆ ಯೂರೋಪಿನ ಗೆಳೆಯರಿಗೂ ಸಿಗಬಹುದಾ ಅನ್ನುವ ಚರ್ಚೆ ತೆರೆದರು. ತೀರ್ಮಾನ ಮಾತ್ರ ಫ್ರಾನ್ಸಿನ ಅಧ್ಯಕ್ಷರದ್ದೇ ಅಂದರು. ಹಾಗಾದರೆ ವಾರ್ಸಾಗಾಗಿ ಪ್ಯಾರಿಸ್ ಕೊಡುತ್ತೀರಾ ಅಂತ ಪೋಲೆಂಡಿನವರು ಕೇಳಿದರೆ ತಪ್ಪೇನು? ಇದಕ್ಕೆ ಉತ್ತರ ಭಾಷಣದಲ್ಲಿ ಸಿಗುವುದಿಲ್ಲ. ರೊಮೇನಿಯಾದಲ್ಲಿರುವ ನ್ಯಾಟೋ ಪಡೆಯ ಮುಂದಾಳತ್ವ ಫ್ರಾನ್ಸಿನದು. ಅಲ್ಲಿ ಫ್ರೆಂಚ್ ಸೈನಿಕರು ಜಾಸ್ತಿ ಆಗುತ್ತಾರೋ ಕಡಿಮೆ ಆಗುತ್ತಾರೋ, ಅದನ್ನು ಗಮನಿಸುತ್ತಿರಿ. ನಮಸ್ಕಾರ.